ಅಳಿದುಹೋದ ಅಮೆರಿಕದ ಹೋಟೆಲು ಸರಣಿಗಳು: ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಾರು?

ಹೋಟೆಲು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮುಂಬಯಿ ಕನ್ನಡಿಗರು ತಲೆಯೆತ್ತಿ ನೋಡುವುದು ಸಹಜ. ನಮ್ಮಲ್ಲನೇಕರ ಅಜ್ಜಂದಿರೋ ತಂದೆಯವರೋ ಹುಡುಗುಪ್ರಾಯದಲ್ಲಿ ಊರು ಬಿಟ್ಟು ಬಂದು, ಹಗಲಿಡೀ ತಟ್ಟೆ ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತು, ವರುಷಗಳುರುಳಿದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ತಲುಪಿದವರು. ಆದುದರಿಂದ ಜಗತ್ತಿನ ಯಾವ ಮೂಲೆಯಲ್ಲಿ ಹೋಟೆಲೊಂದು ಬಾಗಿಲು ಹಾಕಿದರೂ ಅದನ್ನು ಪರರ ಮನೆಯ ಸುದ್ದಿಯೆಂದು ಬದಿಗಿಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದಿಂದ ಇಂತಹ ಸುದ್ದಿಗಳು ಸಾಲುಸಾಲಾಗಿ ಬಂದವು. 2024ರ ಮೇ ತಿಂಗಳಲ್ಲಿ ‘ರೆಡ್ ಲಾಬ್‌ಸ್ಟರ್’ ಎಂಬ ಪ್ರಸಿದ್ಧ ಮೀನೂಟದ ಸರಣಿ ದಿವಾಳಿ ಅರ್ಜಿ ಸಲ್ಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ‘ಟಿಜಿಐ ಫ್ರೈಡೇಸ್’, 2025ರ ಮಾರ್ಚ್ ಕೊನೆಗೆ ‘ಹೂಟರ್ಸ್’ ಅದೇ ಹಾದಿ ಹಿಡಿದವು. ಇವು ಇನ್ನೂ ಪೂರ್ಣವಾಗಿ ಅಳಿದಿಲ್ಲ, ಕುಗ್ಗಿವೆ. ಆದರೆ ಇವೆಲ್ಲಕ್ಕೂ ಮುನ್ನ, 2022ರಲ್ಲಿ, ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬ ಚಿಕ್ಕ ಪ್ರವಾಸಿ ಊರಿನಲ್ಲಿ ಒಂದು ಹಳೆಯ ಹೋಟೆಲು ಮುಚ್ಚಿಕೊಂಡಿತು. ಅದರೊಂದಿಗೆ ‘ಹೋವರ್ಡ್ ಜಾನ್ಸನ್ಸ್’ ಎಂಬ ಹೆಸರಿನ ಊಟದ ಮನೆ ಭೂಮಿಯ ಮೇಲೆ ಒಂದೂ ಉಳಿಯದೆ ಹೋಯಿತು. ಒಂದು ಕಾಲಕ್ಕೆ ಈ ಹೆಸರಿನವು ಸಾವಿರಕ್ಕೂ ಮಿಕ್ಕಿ ಇದ್ದವು.

ಪತ್ರಿಕೆಗಳು ಇಂತಹ ಸಾವಿಗೆ ಸಿದ್ಧ ಕಾರಣಗಳನ್ನು ಕೊಡುತ್ತವೆ: ಕೊರೊನಾ, ಬೆಲೆಯೇರಿಕೆ, ಬದಲಾದ ಅಭಿರುಚಿ, ಮೊಬೈಲಿನಲ್ಲೇ ಊಟ ತರಿಸಿಕೊಳ್ಳುವ ಹೊಸ ಅಭ್ಯಾಸ. ಇವುಗಳಲ್ಲಿ ಸುಳ್ಳೇನಿಲ್ಲ. ಆದರೆ ಅಳಿದ ಸರಣಿಗಳ ಚರಿತ್ರೆಯನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಬೇರೊಂದು ಸಂಗತಿ ಕಣ್ಣಿಗೆ ಕಟ್ಟುತ್ತದೆ. ಗಿರಾಕಿಗಳು ಬಿಟ್ಟುಹೋಗುವುದಕ್ಕೆ ಬಹಳ ಮೊದಲೇ, ಅಡುಗೆಮನೆಯ ಪರಿಮಳವನ್ನು ಮೂಗಿನಿಂದ ಅರಿಯುತ್ತಿದ್ದ ಒಡೆಯರ ಕೈಯಿಂದ ಆ ಹೋಟೆಲುಗಳು ಜಾರಿಹೋಗಿದ್ದವು; ಅವುಗಳನ್ನು ಲೆಕ್ಕಪುಸ್ತಕದಲ್ಲಿ ಮಾತ್ರ ಕಂಡವರ ಕೈಗೆ ಸೇರಿದ್ದವು. ಈ ಮಾತನ್ನು ಪರೀಕ್ಷಿಸಿ ನೋಡೋಣ. ಎಲ್ಲ ಕಡೆಯೂ ಇದು ಸಲ್ಲುವುದಿಲ್ಲವೆಂಬುದನ್ನೂ ಮೊದಲೇ ಒಪ್ಪಿಕೊಳ್ಳುತ್ತೇವೆ.

ಹೋವರ್ಡ್ ಡೀರಿಂಗ್ ಜಾನ್ಸನ್ ಎಂಬ ತರುಣ 1925ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿ ನಗರದಲ್ಲಿ ಸಾಲ ಮಾಡಿ ಒಂದು ಔಷಧದಂಗಡಿಯನ್ನು ಕೊಂಡನು. ತಂದೆಯ ಸಿಗಾರ್ ವ್ಯಾಪಾರದ ಸಾಲ ಆಗಲೇ ಅವನ ತಲೆಯ ಮೇಲಿತ್ತು. ಔಷಧಕ್ಕಿಂತ ಅಂಗಡಿಯ ಮೂಲೆಯ ಸೋಡಾ ಮತ್ತು ಐಸ್‌ಕ್ರೀಮಿಗೇ ಜನ ಮುತ್ತುವುದನ್ನು ಕಂಡು, ಬೆಣ್ಣೆಯಂಶ ಹೆಚ್ಚಿಸಿದ ಐಸ್‌ಕ್ರೀಮನ್ನು ತಾನೇ ತಯಾರಿಸತೊಡಗಿದನು. ಬರಬರುತ್ತ ಅದು 28 ಬಗೆಯಾಯಿತು. 1929ರಲ್ಲಿ ಒಂದು ವಿಚಿತ್ರ ಭಾಗ್ಯವೂ ಒದಗಿತು. ಯೂಜೀನ್ ಓನೀಲನ ‘ಸ್ಟ್ರೇಂಜ್ ಇಂಟರ್‌ಲ್ಯೂಡ್’ ನಾಟಕವನ್ನು ಬಾಸ್ಟನ್ ನಗರದ ಆಡಳಿತ ನಿಷೇಧಿಸಿದಾಗ ನಾಟಕದವರು ಪಕ್ಕದ ಕ್ವಿನ್ಸಿಗೆ ಬಂದರು. ಸುಮಾರು ಐದು ಗಂಟೆ ಅವಧಿಯ ನಾಟಕ. ನಡುವೆ ಊಟದ ವಿರಾಮ. ಬಾಸ್ಟನ್ನಿನ ಗಣ್ಯರೆಲ್ಲ ಆ ವಿರಾಮದಲ್ಲಿ ಜಾನ್ಸನ್ನನ ಹೋಟೆಲಿಗೆ ನುಗ್ಗಿದರು. ಯಕ್ಷಗಾನದ ಬಯಲಾಟ ನಡೆಯುವ ಗದ್ದೆಯ ಬದುವಿನಲ್ಲಿ ಚಹಾದಂಗಡಿ ಹಾಕಿ ಒಂದೇ ರಾತ್ರಿಯಲ್ಲಿ ತಿಂಗಳ ಸಂಪಾದನೆ ಕಂಡ ನಮ್ಮೂರವರಿಗೆ ಈ ಲೆಕ್ಕಾಚಾರ ಬೇಗ ಅರ್ಥವಾದೀತು.

ಆರ್ಥಿಕ ಕುಸಿತದ ದಿನಗಳಲ್ಲಿ ಹೊಸ ಹೋಟೆಲು ತೆರೆಯಲು ಜಾನ್ಸನ್ನನ ಬಳಿ ಹಣವಿರಲಿಲ್ಲ. ಆಗ ಅವನು ಹುಡುಕಿದ ಉಪಾಯ ಇಂದು ಜಗತ್ತನ್ನೇ ಆವರಿಸಿದೆ. 1935ರಲ್ಲಿ ಕೇಪ್ ಕಾಡ್‌ನ ಆರ್ಲಿಯನ್ಸ್ ಎಂಬಲ್ಲಿ ಪರಿಚಯದವನೊಬ್ಬನು ತನ್ನ ಹಣದಿಂದ ಹೋಟೆಲು ಕಟ್ಟಿದನು. ಹೆಸರು, ಪಾಕವಿಧಾನ, ಐಸ್‌ಕ್ರೀಮು ಜಾನ್ಸನ್ನನವು. ಫ್ರಾಂಚೈಸಿ ಎಂದು ಇಂದು ನಾವು ಕರೆಯುವ ಪದ್ಧತಿ ಹೋಟೆಲು ಉದ್ದಿಮೆಯಲ್ಲಿ ಬೇರೂರಿದ್ದು ಹೀಗೆ. 1940ರಲ್ಲಿ ಪೆನ್ಸಿಲ್ವೇನಿಯಾದ ಹೊಸ ಹೆದ್ದಾರಿ ತೆರೆದಾಗ ಅದರುದ್ದಕ್ಕೂ ಊಟ ಬಡಿಸುವ ಹಕ್ಕು ಅವನಿಗೇ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಪಡಿತರ ಬಂದು ಹೆದ್ದಾರಿಗಳು ಬರಿದಾದಾಗ ಬೆರಳೆಣಿಕೆಯಷ್ಟು ಹೋಟೆಲುಗಳು ಮಾತ್ರ ಉಳಿದವು. ಕಾರ್ಖಾನೆಯ ಕೆಲಸಗಾರರಿಗೂ ಸೈನಿಕರಿಗೂ ಊಟ ಒದಗಿಸಿ ಅವನು ಉಸಿರು ಹಿಡಿದುಕೊಂಡನು. ಯುದ್ಧ ಮುಗಿದ ಮೇಲೆ ಮಧ್ಯಮವರ್ಗದವರು ಕಾರು ಕೊಂಡು ಸಂಸಾರಸಮೇತ ಹೊರಟಾಗ, ಮೈಲುಗಟ್ಟಲೆ ದೂರದಿಂದ ಕಾಣುವ ಕಿತ್ತಳೆ ಬಣ್ಣದ ಸೂರು ಅವರಿಗೆ ನಂಬಿಕೆಯ ಗುರುತಾಯಿತು. ಶೌಚಾಲಯ ಚೊಕ್ಕಟವಾಗಿರುತ್ತದೆ, ಮಕ್ಕಳಿಗೆ ಐಸ್‌ಕ್ರೀಮು ಸಿಗುತ್ತದೆ, ನಿನ್ನೆ ತಿಂದದ್ದೇ ಇಂದೂ ಅದೇ ರುಚಿಯಲ್ಲಿರುತ್ತದೆ. ಪರ ಊರಿಗೆ ಹೋದ ನಾವು ‘ಉಡುಪಿ’ ಎಂಬ ಮೂರಕ್ಷರದ ಫಲಕ ಕಂಡು ಬಸ್ಸಿಳಿಯುವುದಿಲ್ಲವೇ? ಅದೇ ನೆಮ್ಮದಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಸೂರಿನ ನೆಮ್ಮದಿ ಎಲ್ಲರಿಗಾಗಿ ಇರಲಿಲ್ಲ. 1957ರ ಅಕ್ಟೋಬರಿನಲ್ಲಿ, ಆಗಷ್ಟೇ ಸ್ವತಂತ್ರವಾಗಿದ್ದ ಘಾನಾ ದೇಶದ ಹಣಕಾಸು ಸಚಿವ ಕೋಮ್ಲಾ ಗ್ಬೆಡೆಮಾ ಅವರು ಡೆಲವೇರ್ ರಾಜ್ಯದ ಡೋವರಿನಲ್ಲಿ ಇದೇ ಸರಣಿಯ ಹೋಟೆಲಿಗೆ ಹೋಗಿ ಕಿತ್ತಳೆ ರಸ ಕೇಳಿದಾಗ, ಕರಿಯರು ಒಳಗೆ ಕುಳಿತು ಕುಡಿಯುವಂತಿಲ್ಲವೆಂಬ ಉತ್ತರ ಬಂತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಅಧ್ಯಕ್ಷ ಐಸೆನ್‌ಹೋವರ್ ಮುಜುಗರಪಟ್ಟು ಆ ಸಚಿವರನ್ನು ಶ್ವೇತಭವನಕ್ಕೆ ಕರೆದು ಉಪಾಹಾರ ನೀಡಬೇಕಾಯಿತು. 1962ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ದಕ್ಷಿಣದ ರಾಜ್ಯಗಳಲ್ಲಿ ಇದೇ ಸರಣಿಯ ಮುಂದೆ ಧರಣಿ ಕೂತರು. ಅಳಿದ ಹೋಟೆಲುಗಳ ಬಗ್ಗೆ ಕಣ್ಣು ತೇವ ಮಾಡಿಕೊಂಡು ಬರೆಯುವವರು ಈ ಪುಟವನ್ನು ಹಾರಿಸಿಬಿಡುವುದುಂಟು. ಪಂಕ್ತಿಭೇದದ ಅವಮಾನ ಏನೆಂದು ಬಲ್ಲ ನಾಡಿನವರಾದ ನಾವು ಹಾರಿಸಲಾರೆವು.

1960ರಲ್ಲಿ ಜಾನ್ಸನ್ ಮಾಡಿದ ಒಂದು ಕೆಲಸ ಅವನ ಸ್ವಭಾವವನ್ನು ತೋರಿಸುತ್ತದೆ. ನ್ಯೂಯಾರ್ಕಿನ ಅತಿ ದುಬಾರಿ ಫ್ರೆಂಚ್ ಭೋಜನಶಾಲೆಯಾದ ‘ಲ ಪಾವಿಯೋಂ’ನಿಂದ ಪಿಯೇರ್ ಫ್ರಾನೆ ಮತ್ತು ಜಾಕ್ ಪೆಪಾಂ ಎಂಬಿಬ್ಬರು ಬಾಣಸಿಗರನ್ನು ಅವನು ತನ್ನ ಹೆದ್ದಾರಿ ಹೋಟೆಲುಗಳ ಅಡುಗೆ ಸುಧಾರಿಸಲು ಕರೆತಂದನು. ಪೆಪಾಂ ಹಿಂದೆ ಫ್ರಾನ್ಸಿನಲ್ಲಿ ದ ಗಾಲ್ ಅವರಿಗೆ ಅಡುಗೆ ಮಾಡಿದ್ದವರು. ಕೆನಡಿಯವರ ಶ್ವೇತಭವನದ ಅಡುಗೆಮನೆಗೆ ಬಂದ ಕರೆಯನ್ನು ಬಿಟ್ಟು ಅವರು ಈ ಕೆಲಸ ಒಪ್ಪಿದರು. ಸುಮಾರು ಒಂದು ದಶಕ ಅಲ್ಲಿಯೇ ದುಡಿದರು. ಸಾಮಾನ್ಯ ಲಾರಿ ಚಾಲಕನ ತಟ್ಟೆಗೆ ಬೀಳುವ ಸಾರಿನ ರುಚಿಗಾಗಿ ದೇಶದ ಶ್ರೇಷ್ಠ ಬಾಣಸಿಗರನ್ನು ನೇಮಿಸುವುದು ಲೆಕ್ಕಪರಿಶೋಧಕನಿಗೆ ಹೊಳೆಯುವ ಯೋಚನೆಯಲ್ಲ.

ಆದರೆ 1959ರಲ್ಲಿಯೇ ಕಂಪನಿಯ ಆಡಳಿತ ಮಗನ ಕೈಗೆ ಬಂದಿತ್ತು. 1961ರಲ್ಲಿ ಶೇರುಗಳು ಪೇಟೆಗೆ ಬಂದವು. ತಂದೆ ಕಾರಿನಲ್ಲಿ ಹೋಟೆಲಿಂದ ಹೋಟೆಲಿಗೆ ಸುತ್ತಿ ಅಡುಗೆಮನೆಗೆ ಇಣುಕುತ್ತಿದ್ದವನು, 1972ರಲ್ಲಿ ತೀರಿಕೊಂಡನು. ಮಗ ಪದವೀಧರ, ಎಚ್ಚರದ ಮನುಷ್ಯ, ವೆಚ್ಚ ಕಡಿತದಲ್ಲಿ ನಿಪುಣ. 1973ರ ತೈಲ ಬಿಕ್ಕಟ್ಟಿನಲ್ಲಿ ಹೆದ್ದಾರಿ ಸಂಚಾರ ಕುಗ್ಗಿದಾಗ ಅವನು ಮತ್ತಷ್ಟು ಬಿಗಿ ಹಿಡಿದನು. ಸೇವೆ ಮಾಡುವ ಕೈಗಳು ಕಡಿಮೆಯಾದವು, ಕಟ್ಟಡಗಳಿಗೆ ಬಣ್ಣ ಬೀಳಲಿಲ್ಲ, ರುಚಿ ಇಳಿಯಿತೆಂಬ ಮಾತು ಒಳಗಿದ್ದವರಿಂದಲೇ ಕೇಳಿಬಂತು. ಇದೇ ಹೊತ್ತಿಗೆ ಮೆಕ್‌ಡೊನಾಲ್ಡ್ಸ್ ಅದೇ ಹೆದ್ದಾರಿಯ ಅಂಚಿಗೆ ಬಂದು ನಿಂತಿತ್ತು. 1979ರಲ್ಲಿ ಕುದುರಿದ ಒಪ್ಪಂದದಂತೆ ಇಡೀ ಕಂಪನಿ ಸುಮಾರು 63 ಕೋಟಿ ಡಾಲರಿಗೆ ಬ್ರಿಟನ್ನಿನ ಇಂಪೀರಿಯಲ್ ಗ್ರೂಪಿನ ಪಾಲಾಯಿತು. ಸಿಗರೇಟು ಮತ್ತು ಬಿಯರಿನ ಉದ್ದಿಮೆ ಅದು. ಆರು ವರುಷ ಕಳೆಯುವಷ್ಟರಲ್ಲಿ, 1985ರಲ್ಲಿ, ಅವರು ಅದನ್ನು ಸುಮಾರು ಅರ್ಧ ಬೆಲೆಗೆ ಮ್ಯಾರಿಯಟ್ ಕಂಪನಿಗೆ ಮಾರಿದರು. ಮ್ಯಾರಿಯಟ್ಟಿಗೆ ಬೇಕಾಗಿದ್ದುದು ಹೆದ್ದಾರಿ ಬದಿಯ ಜಾಗಗಳೇ ಹೊರತು ಆ ಐಸ್‌ಕ್ರೀಮು ಅಲ್ಲ. ವಸತಿಗೃಹಗಳು ಬೇರೆಯವರಿಗೆ ಹೋದವು. ಕಂಪನಿಯದೇ ಆಗಿದ್ದ ಊಟದ ಮನೆಗಳು ಒಂದೊಂದಾಗಿ ಬೇರೆ ಹೆಸರು ಹೊತ್ತವು ಇಲ್ಲವೇ ನೆಲಸಮವಾದವು. ಉಳಿದ ಫ್ರಾಂಚೈಸಿದಾರರು 1986ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡು ಹೆಸರನ್ನು ಇನ್ನೂ ಕೆಲಕಾಲ ಹೊತ್ತರು. ನ್ಯೂಯಾರ್ಕಿನ ಟೈಮ್ಸ್ ಚೌಕದ ಹೋಟೆಲು 2005ರಲ್ಲಿ, ಮೇಯ್ನ್ ರಾಜ್ಯದ ಬ್ಯಾಂಗೋರಿನದು 2016ರಲ್ಲಿ ಮುಚ್ಚಿತು. ಕೊನೆಯದರ ವಿಷಯ ಮೇಲೆ ಹೇಳಿದ್ದೇವೆ.

ರಕ್ತಸಂಬಂಧವಿದ್ದರೂ ಸಾಕಾಗಲಿಲ್ಲವೆಂಬುದು ಇಲ್ಲಿ ಕಾಣುತ್ತದೆ. ನಮ್ಮ ಮನೆಗಳಲ್ಲಿ ಎಂ.ಬಿ.ಎ. ಮುಗಿಸಿ ಬಂದ ಮಗ ತಂದೆಯ ಹೋಟೆಲಿನ ಖರ್ಚಿನ ಪಟ್ಟಿಯನ್ನು ಹಿಡಿದು ಕೂತಾಗ, ತೆಂಗಿನಕಾಯಿ ಚಟ್ನಿಯನ್ನು ಕಡಲೆಹಿಟ್ಟಿನಿಂದ ಹಿಗ್ಗಿಸುವ ಸಲಹೆ ಮೊದಲು ಬರುತ್ತದೆ. ಅದರಿಂದ ಉಳಿಯುವ ಹಣದ ಲೆಕ್ಕ ಕರಾರುವಾಕ್ಕಾಗಿಯೇ ಇರುತ್ತದೆ.

ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಗರಗಳ ‘ಹಾರ್ನ್ ಅಂಡ್ ಹಾರ್ಡಾರ್ಟ್’ ಆಟೋಮ್ಯಾಟುಗಳ ಕಥೆ ಬೇರೆಯದು. ಅದು ನಮ್ಮ ವಾದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಜೋಸೆಫ್ ಹಾರ್ನ್ ಮತ್ತು ಫ್ರಾಂಕ್ ಹಾರ್ಡಾರ್ಟ್ ಎಂಬ ಪಾಲುದಾರರು ಜರ್ಮನಿಯಿಂದ ಯಂತ್ರ ತರಿಸಿ 1902ರಲ್ಲಿ ಫಿಲಡೆಲ್ಫಿಯಾದ ಚೆಸ್ಟ್‌ನಟ್ ಬೀದಿಯಲ್ಲಿ ಮೊದಲನೆಯದನ್ನು ತೆರೆದರು. 1912ರಲ್ಲಿ ನ್ಯೂಯಾರ್ಕಿಗೆ ಬಂದರು. ಗೋಡೆಯ ತುಂಬ ಗಾಜಿನ ಪುಟ್ಟ ಬಾಗಿಲುಗಳು, ಪ್ರತಿಯೊಂದರ ಹಿಂದೆ ಒಂದೊಂದು ತಿನಿಸು. ಐದು ಸೆಂಟಿನ ನಾಣ್ಯ ಹಾಕಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆಯುತ್ತಿತ್ತು. ಡಾಲ್ಫಿನ್ ಮೀನಿನ ಮುಖದ ಬೆಳ್ಳಿಬಣ್ಣದ ನಲ್ಲಿಯಿಂದ ಕಾಫಿ ಸುರಿಯುತ್ತಿತ್ತು. ಮಾಣಿ ಇಲ್ಲ, ಟಿಪ್ಸ್ ಇಲ್ಲ, ಭಾಷೆ ಬಾರದಿದ್ದರೂ ಚಿಂತೆಯಿಲ್ಲ. ನಿನ್ನೆ ಹಡಗಿಳಿದ ವಲಸಿಗನೂ ಕಚೇರಿಯ ಗುಮಾಸ್ತೆಯೂ ಒಂದೇ ಅಮೃತಶಿಲೆಯ ಮೇಜಿಗೆ ಕೂಡುತ್ತಿದ್ದರು. ಲಿಸಾ ಹರ್ವಿಟ್ಜ್ ಅವರು 2021ರಲ್ಲಿ ನಿರ್ಮಿಸಿದ ಸಾಕ್ಷ್ಯಚಿತ್ರದಲ್ಲಿ ಮೆಲ್ ಬ್ರೂಕ್ಸ್, ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್, ಕಾಲಿನ್ ಪವೆಲ್ ಮುಂತಾದವರು ತಮ್ಮ ಎಳೆಯ ದಿನಗಳ ಈ ಊಟದ ಮನೆಯನ್ನು ನೆನೆದಿದ್ದಾರೆ.

ಇಲ್ಲಿ ಒಡೆಯರು ರುಚಿ ಮರೆತವರಲ್ಲ. ಕಂಪನಿಯ ಹಿರಿಯರು ದಿನವೂ ಒಂದು ಮೇಜಿನ ಸುತ್ತ ಕುಳಿತು ತಿನಿಸುಗಳ ಮಾದರಿಯನ್ನು ಸವಿದು ನೋಡುವ ಪದ್ಧತಿಯಿತ್ತು. ಕುದಿಸಿಟ್ಟು ಬಹಳ ಹೊತ್ತಾದ ಕಾಫಿಯನ್ನು ಚೆಲ್ಲಿಬಿಡಬೇಕೆಂಬ ಕಟ್ಟಳೆಯಿತ್ತು. ಅವರನ್ನು ಕಟ್ಟಿಹಾಕಿದ್ದು ಅದೇ ಐದು ಸೆಂಟಿನ ನಾಣ್ಯ. ಕಾಫಿಯ ಬೆಲೆಯನ್ನು ಅವರು 1950ರವರೆಗೆ ಅಲುಗಿಸಲೇ ಇಲ್ಲ. ಅಲುಗಿಸಿದಾಗ ಒಮ್ಮೆಲೇ ಹತ್ತು ಸೆಂಟಾಯಿತು, ಏಕೆಂದರೆ ಯಂತ್ರಕ್ಕೆ ಆರೋ ಏಳೋ ಸೆಂಟು ನುಂಗಲು ಬರುತ್ತಿರಲಿಲ್ಲ. ಗಿರಾಕಿ ಮುನಿಸಿಕೊಂಡನು. ಮಧ್ಯಮವರ್ಗ ಉಪನಗರಗಳಿಗೆ ಹೊರಟುಹೋಯಿತು. ಒಂದು ಚಹಾದ ಲೋಟದೊಂದಿಗೆ ದಿನವಿಡೀ ಕುಳಿತಿರುವ ನಿರ್ಗತಿಕರು ಉಳಿದರು. ನೆಲದ ಬಾಡಿಗೆ ಏರಿತು. 1970ರ ದಶಕದಲ್ಲಿ ಕಂಪನಿಯೇ ತನ್ನ ಹಲವು ಆಟೋಮ್ಯಾಟುಗಳನ್ನು ಬರ್ಗರ್ ಕಿಂಗ್ ಹೋಟೆಲುಗಳನ್ನಾಗಿ ಮಾರ್ಪಡಿಸಿತು. 42ನೆಯ ಬೀದಿಯಲ್ಲಿದ್ದ ಕೊನೆಯದು 1991ರಲ್ಲಿ ಮುಚ್ಚಿತು. ಮೊದಲನೆಯ ಆಟೋಮ್ಯಾಟಿನ ಗೋಡೆಯ ಒಂದು ಭಾಗ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದ ಸ್ವತ್ತು.

‘ಬರ್ಗರ್ ಶೆಫ್’ ಸರಣಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 1950ರ ದಶಕದಲ್ಲಿ ಇಂಡಿಯಾನಾಪೊಲಿಸಿನಲ್ಲಿ ಅಡುಗೆ ಯಂತ್ರಗಳನ್ನು ತಯಾರಿಸುತ್ತಿದ್ದ ಸಹೋದರರು ತಮ್ಮ ಯಂತ್ರ ಎಷ್ಟು ಚೆನ್ನಾಗಿದೆಯೆಂದು ತೋರಿಸಲೆಂದೇ ತೆರೆದ ಅಂಗಡಿ ಬೆಳೆದು ಮೆಕ್‌ಡೊನಾಲ್ಡ್ಸಿನ ಬೆನ್ನಿಗೆ ಬಂದು ನಿಂತಿತು. 1968ರಲ್ಲಿ ‘ಜನರಲ್ ಫುಡ್ಸ್’ ಎಂಬ ಡಬ್ಬಿ ಆಹಾರದ ದೈತ್ಯ ಅದನ್ನು ಕೊಂಡಿತು. ಎಲ್ಲೆಂದರಲ್ಲಿ ಶಾಖೆಗಳನ್ನು ತೆರೆಯಿತು. ಸಂಖ್ಯೆ ಸಾವಿರ ದಾಟಿತು. ಮಕ್ಕಳಿಗೆ ಆಟಿಕೆಯೊಂದಿಗೆ ಊಟದ ಪೊಟ್ಟಣ ಕೊಡುವ ಯೋಜನೆಯನ್ನು ಇವರು 1973ರಲ್ಲಿಯೇ ಜಾರಿಗೆ ತಂದಿದ್ದರು. ಮೆಕ್‌ಡೊನಾಲ್ಡ್ಸಿನ ಜಗತ್ಪ್ರಸಿದ್ಧ ಪೊಟ್ಟಣ ದೇಶವ್ಯಾಪಿಯಾದದ್ದು 1979ರಲ್ಲಿ. ಉಪಾಯ ಯಾರದೋ, ಹೆಸರು ಯಾರಿಗೋ. ಜನರಲ್ ಫುಡ್ಸಿಗೆ ಬೇಸರ ಬಂದಾಗ, 1980ರ ದಶಕದ ಆರಂಭದಲ್ಲಿ, ಅದು ಕೆನಡಾದ ಇಮಾಸ್ಕೊ ಕಂಪನಿಗೆ ಮಾರಾಟವಾಯಿತು. ಇಮಾಸ್ಕೊ ಕೂಡ ಮೂಲತಃ ತಂಬಾಕಿನ ಮನೆತನವೇ! ಅವರ ಬಳಿ ಅದಾಗಲೇ ‘ಹಾರ್ಡೀಸ್’ ಎಂಬ ಬೇರೊಂದು ಸರಣಿಯಿತ್ತು. ಬರ್ಗರ್ ಶೆಫ್‌ನ ಫಲಕಗಳು ಇಳಿದು ಹಾರ್ಡೀಸಿನವು ಏರಿದವು. ಟೆನೆಸಿ ರಾಜ್ಯದ ಕುಕ್‌ವಿಲ್ಲಿನಲ್ಲಿ ಉಳಿದ ಕೊನೆಯ ಕೊಂಡಿ 1996ರಲ್ಲಿ ಕಳಚಿತು.

ಈ ಪಟ್ಟಿಯಲ್ಲಿ ನಮ್ಮನ್ನು ಬಹಳವಾಗಿ ಕಾಡಿದ ಹೆಸರು ‘ಸ್ಯಾಂಬೋಸ್’. 1957ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಸ್ಯಾಮ್ ಬ್ಯಾಟಿಸ್ಟೋನ್ ಮತ್ತು ನ್ಯೂವೆಲ್ ಬೋನೆಟ್ ತೆರೆದ ಉಪಾಹಾರ ಗೃಹ. ಇಬ್ಬರ ಹೆಸರಿನ ತುಣುಕುಗಳನ್ನು ಕೂಡಿಸಿದಾಗ ‘ಸ್ಯಾಂಬೊ’ ಆಯಿತು. ಆದರೆ ಆ ಹೆಸರಿನ ಒಂದು ಮಕ್ಕಳ ಕಥೆ ಅದಾಗಲೇ ಲೋಕಪ್ರಸಿದ್ಧವಾಗಿತ್ತು. ಒಡೆಯರು ಅದನ್ನೇ ಹಿಡಿದುಕೊಂಡು ಗೋಡೆಯ ತುಂಬ ಹುಡುಗನ ಮತ್ತು ಹುಲಿಗಳ ಚಿತ್ರ ಬರೆಸಿದರು.

ಆ ಕಥೆಯ ತವರು ಯಾವುದೆಂದು ತಿಳಿದರೆ ಓದುಗರಿಗೆ ಅಚ್ಚರಿಯಾದೀತು. ಅದನ್ನು ಬರೆದ ಹೆಲೆನ್ ಬ್ಯಾನರ್‌ಮನ್ ಸ್ಕಾಟ್ಲೆಂಡಿನವರು. ಭಾರತದಲ್ಲಿ ಸುಮಾರು ಮೂವತ್ತು ವರುಷ ಬಾಳಿದವರು. ಪತಿ ವೈದ್ಯಾಧಿಕಾರಿ, ನಮ್ಮ ಪರೇಲಿನಲ್ಲಿ ಇಂದು ಹಾಫ್‌ಕಿನ್ ಸಂಸ್ಥೆಯೆಂದು ಕರೆಯುವ ಪ್ಲೇಗ್ ಸಂಶೋಧನಾಲಯದ ಮುಖ್ಯಸ್ಥರಾಗಿದ್ದವರು. ಮದರಾಸಿನ ಕಡೆಗೆ ರೈಲಿನಲ್ಲಿ ಹೋಗುವಾಗ ಹೆಣ್ಣುಮಕ್ಕಳನ್ನು ರಂಜಿಸಲೆಂದು ರಚಿಸಿದ ಕಥೆ 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹುಡುಗನ ಬಟ್ಟೆ ಕಸಿದ ಹುಲಿಗಳು ಒಂದರ ಬಾಲವನ್ನೊಂದು ಕಚ್ಚಿ ಮರ ಸುತ್ತಿ ಸುತ್ತಿ ಕರಗಿ ತುಪ್ಪವಾಗುತ್ತವೆ. ಆ ತುಪ್ಪದಲ್ಲಿ ತಾಯಿ ದೋಸೆಯಂತಹ ತಿಂಡಿ ಹೊಯ್ದು ಬಡಿಸುತ್ತಾಳೆ. ಹುಲಿಯೂ ತುಪ್ಪವೂ ಇರುವ ಈ ಕಥೆ ನಮ್ಮ ನೆಲದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಥೆಯ ಹಕ್ಕು ಕೇವಲ ಐದು ಪೌಂಡಿಗೆ ಕೈಬಿಟ್ಟುಹೋಗಿತ್ತು. ಅಮೆರಿಕದ ಪ್ರಕಾಶಕರು ತಮಗೆ ತೋಚಿದ ಚಿತ್ರಗಳನ್ನು ಸೇರಿಸಿ ಹುಡುಗನನ್ನು ಕರಿಯ ಗುಲಾಮರ ವ್ಯಂಗ್ಯರೂಪವಾಗಿಸಿದರು. ಆ ಹೆಸರು ಅಲ್ಲಿ ಮೊದಲಿನಿಂದಲೂ ಬೈಗುಳವಾಗಿತ್ತು.

ಈ ಕಹಿಯ ನಡುವೆಯೂ ಸ್ಯಾಂಬೋಸ್ ಬೆಳೆದ ಬಗೆ ಗಮನಿಸತಕ್ಕದ್ದು. ಪ್ರತಿಯೊಂದು ಹೋಟೆಲಿನ ಮ್ಯಾನೇಜರನು ಆ ಹೋಟೆಲಿನಲ್ಲಿ ಶೇಕಡಾ 20ರ ಪಾಲನ್ನು ತಾನೇ ಕೊಳ್ಳುವ ಅವಕಾಶವಿತ್ತು; ಇತರ ಶಾಖೆಗಳಲ್ಲಿಯೂ ನೌಕರರು ಪಾಲು ಹಾಕಬಹುದಿತ್ತು. ಬೆಳಗಿನ ನಾಲ್ಕು ಗಂಟೆಗೆ ಬಾಗಿಲು ತೆಗೆಯುವವನು ಸಂಬಳದಾಳಲ್ಲ, ಪಾಲುದಾರ. ಮುಂಬಯಿಯ ನಮ್ಮ ಹೋಟೆಲುಗಳು ಹರಡಿದ ಗುಟ್ಟೂ ಇದೇ ಅಲ್ಲವೇ? ಹಣ ಒಬ್ಬರದು, ಜಾಗ ಒಬ್ಬರದು, ಭಟ್ಟರ ಕೈಗುಣ ಇನ್ನೊಬ್ಬರದು. ನಂಬಿಕೆಯ ಹುಡುಗನಿಗೆ ಕೆಲವು ವರುಷಗಳ ನಂತರ ಎರಡಾಣೆಯ ಪಾಲು. ಈ ಪದ್ಧತಿಯಿಂದ ಸ್ಯಾಂಬೋಸ್ 47 ರಾಜ್ಯಗಳಲ್ಲಿ 1,117 ಹೋಟೆಲುಗಳಿಗೆ ಏರಿತು.

ಆಮೇಲೆ ಅದು ಮುರಿಯಿತು. ಪಾಲು ಮಾರಿದ ಹಣವನ್ನು ಆದಾಯವೆಂದು ತೋರಿಸುತ್ತಿದ್ದ ಲೆಕ್ಕದ ರೀತಿಗೆ ಆಕ್ಷೇಪಗಳು ಬಂದವು. ಪಾಲು ಮಾರಲು ಹೊಸ ಹೋಟೆಲು ಬೇಕು, ಹೊಸ ಹೋಟೆಲಿಗೆ ಹಣ ಬೇಕು. ಈ ಗಾಣ ನಿಲ್ಲುವಂತಿರಲಿಲ್ಲ. 1970ರ ದಶಕದ ಕೊನೆಯ ಭಾಗದಲ್ಲಿ ಆಡಳಿತ ವರ್ಗ ಪಾಲಿನ ಪದ್ಧತಿಯನ್ನೇ ತೆಗೆದು ಸಂಬಳದ ವ್ಯವಸ್ಥೆ ತಂದಿತು. ಮ್ಯಾನೇಜರುಗಳು ಗುಂಪುಗುಂಪಾಗಿ ಬಿಟ್ಟುಹೋದರು. ಅತ್ತ ಪೂರ್ವದ ರಾಜ್ಯಗಳಲ್ಲಿ ಹೆಸರಿನ ವಿರುದ್ಧ ಪ್ರತಿಭಟನೆಗಳು. ಅಲ್ಲಲ್ಲಿ ‘ಜಾಲಿ ಟೈಗರ್’ ಎಂದು ಫಲಕ ಬದಲಿಸಿದರು. 1981ರ ನವೆಂಬರಿನಲ್ಲಿ ದಿವಾಳಿ. ಹೆಸರಿನಿಂದಲೇ ಅದು ಸತ್ತಿತೆಂದು ಈಗ ಹೆಚ್ಚಿನವರು ಬರೆಯುತ್ತಾರೆ. ಹೆಸರು ನೋಯಿಸಿದ್ದು ನಿಜ, ಹೋಗಬೇಕಾದದ್ದೂ ನಿಜ. ಆದರೆ ಅದೇ ಹೆಸರಿನಿಂದ ಸಾವಿರ ಹೋಟೆಲು ನಡೆದಿದ್ದವು. ಪಾಲು ಹೋದ ನಾಲ್ಕೈದು ವರುಷಗಳಲ್ಲಿ ಎಲ್ಲವೂ ಹೋಯಿತು. ಸಾಂತಾ ಬಾರ್ಬರಾದ ಮೂಲ ಹೋಟೆಲೊಂದೇ ಆ ಹೆಸರಿನಲ್ಲಿ ಉಳಿದಿತ್ತು. ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ 2020ರ ಬೇಸಗೆಯಲ್ಲಿ ಅದೂ ಹೆಸರು ಬದಲಿಸಿಕೊಂಡಿತು.

ಸ್ಯಾಂಬೋಸ್ ಹುಟ್ಟಿದ ಅದೇ 1957ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಬಗೆಯ ಪಾಲುದಾರಿಕೆ ಹುಟ್ಟಿತೆಂಬುದು ಇಲ್ಲಿ ನೆನಪಾಗುತ್ತದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳುಹಿಸಲು ಹೊರಟಾಗ, ಎ. ಕೆ. ಗೋಪಾಲನ್ ಅವರ ಬೆಂಬಲದೊಂದಿಗೆ ಆ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಲೋಟ ತಟ್ಟೆಗಳ ಒಡೆಯರಾದರು. ಇಂಡಿಯನ್ ಕಾಫಿ ಹೌಸುಗಳ ಕುರ್ಚಿಗಳು ಕಿರುಗುಟ್ಟುತ್ತವೆ, ಆಮ್ಲೆಟ್ಟು ಕಾಯಿಸುತ್ತದೆ, ಗೋಡೆಗೆ ಸುಣ್ಣ ಬಳಿಯಲು ಸಭೆಯ ಮೇಲೆ ಸಭೆ ಆಗಬೇಕು. ಆದರೂ ಅವು ಇವೆ.

ಎಲ್ಲ ಸಾವನ್ನೂ ಒಡೆತನದ ಲೆಕ್ಕಕ್ಕೆ ಬರೆದರೆ ಅನ್ಯಾಯವಾದೀತು. ಮೆಕ್ಸಿಕನ್ ಊಟದ ‘ಚೀ-ಚೀಸ್’ ಸರಣಿಯನ್ನು ಮುಗಿಸಿದ್ದು ಈರುಳ್ಳಿಯ ಹಸಿರು ಗರಿ. 2003ರ ಶರತ್ಕಾಲದಲ್ಲಿ ಪೆನ್ಸಿಲ್ವೇನಿಯಾದ ಒಂದು ಶಾಖೆಯಲ್ಲಿ, ಮೆಕ್ಸಿಕೋದಿಂದ ಬಂದ ಸೋಂಕಿತ ಹಸಿ ಈರುಳ್ಳಿಯಿಂದ ಕಾಮಾಲೆ ಹಬ್ಬಿ ಆರುನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಪ್ರಾಣಹಾನಿಯೂ ಆಯಿತು. ಕಂಪನಿ ಅದಕ್ಕೆ ಕೆಲವೇ ವಾರ ಮೊದಲು ದಿವಾಳಿ ಅರ್ಜಿ ಹಾಕಿತ್ತು. ಮರುವರ್ಷ ಉಳಿದೆಲ್ಲ ಶಾಖೆಗಳೂ ಮುಚ್ಚಿದವು.

ಆದರೆ ಈಚಿನ ದಶಕಗಳಲ್ಲಿ ಒಡೆತನದ ರೋಗ ಹೊಸ ರೂಪ ತಾಳಿದೆ. 1966ರಲ್ಲಿ ನಾರ್ಮನ್ ಬ್ರಿಂಕರ್ ಡಲ್ಲಾಸಿನಲ್ಲಿ ಆರಂಭಿಸಿದ ‘ಸ್ಟೇಕ್ ಅಂಡ್ ಏಲ್’ ಸರಣಿ ಹಿಟ್ಟಿನ ಕಂಪನಿಯೊಂದರ ಕೈಗೆ ಹೋಗಿ, ಅಲ್ಲಿಂದ ಮುಂದೆ ಕೈ ಬದಲಿಸಿ, 2008ರ ಜುಲೈ 29ರಂದು ಒಂದೇ ದಿನದಲ್ಲಿ ಮುಚ್ಚಿತು. ಬೆಳಗ್ಗೆ ಕೆಲಸಕ್ಕೆ ಬಂದವರು ಬೀಗ ಕಂಡರು. ರೆಡ್ ಲಾಬ್‌ಸ್ಟರ್ ಕಥೆ ಇನ್ನೂ ಸ್ಪಷ್ಟ. 2014ರಲ್ಲಿ ಒಂದು ಹೂಡಿಕೆ ಸಂಸ್ಥೆ ಅದನ್ನು 210 ಕೋಟಿ ಡಾಲರಿಗೆ ಕೊಂಡಿತು. ಕೊಂಡ ಕೈಯಲ್ಲೇ ಸುಮಾರು 500 ಹೋಟೆಲುಗಳ ನೆಲವನ್ನು 150 ಕೋಟಿ ಡಾಲರಿಗೆ ಬೇರೆಯವರಿಗೆ ಮಾರಿತು. ಅಂದಿನವರೆಗೆ ಸ್ವಂತ ನೆಲದಲ್ಲಿ ಒಲೆ ಉರಿಸಿದವರು ಮರುದಿನದಿಂದ ಬಾಡಿಗೆದಾರರಾದರು. 2023ರಲ್ಲಿ 20 ಡಾಲರಿಗೆ ಎಷ್ಟಾದರೂ ಸೀಗಡಿ ತಿನ್ನಬಹುದೆಂಬ ಯೋಜನೆ ಮಾಡಿ ನಷ್ಟ ಹೊಂದಿದರೆಂದು ಪತ್ರಿಕೆಗಳು ನಕ್ಕವು. ಸೀಗಡಿಯಿಂದಾದ ನಷ್ಟ ಸುಮಾರು 1.1 ಕೋಟಿ ಡಾಲರು. ಪ್ರತಿ ತಿಂಗಳೂ ತಪ್ಪದೆ ಬೀಳುವ ಬಾಡಿಗೆಯ ಮುಂದೆ ಅದು ಎಷ್ಟರದು? ಸೀಗಡಿ ನಗಿಸುತ್ತದೆ, ಬಾಡಿಗೆ ನಗಿಸುವುದಿಲ್ಲ. ಆದುದರಿಂದ ಸುದ್ದಿಯಾದದ್ದು ಸೀಗಡಿ.

ನೆಲ ಊಟಕ್ಕಿಂತ ದುಬಾರಿಯಾದ ನಗರಗಳಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಮೂವತ್ತು ವರುಷ ಇಡ್ಲಿ ತಿಂದ ಉಪನಗರದ ಹೋಟೆಲೊಂದು ಕೆಲವು ವರುಷಗಳ ಹಿಂದೆ ಮುಚ್ಚಿತು. ಸಾಂಬಾರು ಕೆಟ್ಟಿರಲಿಲ್ಲ, ಜನ ಕಡಿಮೆಯಾಗಿರಲಿಲ್ಲ. ನಾಲ್ವರು ಪಾಲುದಾರರ ಮಕ್ಕಳು ನಾಲ್ಕು ದೇಶಗಳಲ್ಲಿದ್ದರು. ಜಾಗದ ಬೆಲೆ ನಾಲ್ವರಿಗೂ ಗೊತ್ತಿತ್ತು. ಅವರಿಗೆ ತಪ್ಪು ಹೊರಿಸುವ ಬಾಯಿ ನಮಗಿಲ್ಲ. ನಮ್ಮ ಮಕ್ಕಳನ್ನೂ ನಾವು ಗಲ್ಲದ ಮೇಲೆ ಕೂರಿಸಲಿಲ್ಲ. ಕೊನೆಯ ದಿನ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿನ ಬಸ್ಸು ಹತ್ತಿದ ಹಿರಿಯ ಭಟ್ಟರಿಗೆ ಜಾಗದಲ್ಲಿ ಪಾಲಿರಲಿಲ್ಲ.

ಚೆನ್ನೈಯಲ್ಲಿರುವ ಬಂಧುಗಳು ಇದನ್ನೋದಿದರೆ ಕೆಥೆಡ್ರಲ್ ರಸ್ತೆಯನ್ನು ನೆನೆದಾರು. ಕಾರಿನಲ್ಲಿ ಕುಳಿತೇ ತಿನ್ನುವ ಅಮೆರಿಕದ ಡ್ರೈವ್-ಇನ್ ಕಲ್ಪನೆಯನ್ನು ಮದರಾಸಿಗೆ ತಂದು ಅದರಲ್ಲಿ ದೋಸೆ, ಕಾಫಿ ಬಡಿಸಿದವರು ನಮ್ಮ ಕರಾವಳಿಯ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್‌ನವರು. 1962ರಿಂದ ಮರಗಳ ನೆರಳಿನಲ್ಲಿ ನಡೆದ ಆ ಹೋಟೆಲು, ನೆಲ ಸರಕಾರದ ಕೈಗೆ ಮರಳಿದಾಗ, 2008ರಲ್ಲಿ ಮುಚ್ಚಿತು. ಅಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಆ ಕಲ್ಪನೆಯ ಮೂಲವಾದ ಸರಣಿ ಟೆಕ್ಸಾಸಿನ ‘ಪಿಗ್ ಸ್ಟ್ಯಾಂಡ್’. 1921ರಲ್ಲಿ ಡಲ್ಲಾಸ್ ಹಾಗೂ ಫೋರ್ಟ್‌ವರ್ತ್ ನಡುವಿನ ಹೆದ್ದಾರಿಯಲ್ಲಿ ಶುರುವಾದದ್ದು. ಕಾರಿನ ಬಳಿಗೇ ಊಟ ತಂದುಕೊಡುವ ಪದ್ಧತಿಗೆ ಅದನ್ನೇ ಆದ್ಯವೆಂದು ಎಣಿಸುತ್ತಾರೆ. 2006ರಲ್ಲಿ ಅದು ದಿವಾಳಿಯಾಗಿ ಎಲ್ಲ ಶಾಖೆಗಳಿಗೂ ಬೀಗ ಬಿತ್ತು. ಸ್ಯಾನ್ ಆಂಟೋನಿಯೋ ನಗರದ ಶಾಖೆಯಲ್ಲಿ ದಶಕಗಳ ಕಾಲ ತಟ್ಟೆ ಹೊತ್ತಿದ್ದ ಪರಿಚಾರಿಕೆಯೊಬ್ಬರು ಮರುವರ್ಷ ಅದರ ಬೀಗ ತೆಗೆಸಿ ಹೋಟೆಲನ್ನು ತಾವೇ ವಹಿಸಿಕೊಂಡರು. ಹಳೆಯ ಗಿರಾಕಿಗಳು ಬಂದು ತಮ್ಮ ತಮ್ಮ ಮೂಲೆಗಳಲ್ಲಿ ಕುಳಿತರು.